ರುಮಾಲು ಇಳಿದ ನಾಡಿನಿಂದ ಕೂದಲಿನ ಯಾತ್ರೆ

ವಿಜಯಪುರ ಜಿಲ್ಲೆಯ ನಕಾಶೆಯನ್ನು ಬಿಚ್ಚಿ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವವು ಮೂರು ಹೊಳೆಗಳು. ಉತ್ತರದ ಅಂಚಿನಲ್ಲಿ ಭೀಮೆ, ದಕ್ಷಿಣದ ಅಂಚಿನಲ್ಲಿ ಕೃಷ್ಣೆ, ನಡುವೆ ಸವಳುನೀರಿನ ಡೋಣಿ. ಭೀಮೆಯ ಕಡೆಗೆ ಇಂಡಿ ಮತ್ತು ಸಿಂದಗಿ. ಕೃಷ್ಣೆಯ ಕಡೆಗೆ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ. ಈಚಿನ ವರ್ಷಗಳಲ್ಲಿ ಇವುಗಳ ಒಡಲಿನಿಂದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳು ಹುಟ್ಟಿದ್ದರೂ, ಹಳಬರ ಬಾಯಲ್ಲಿ ಸೀಮೆಯ ಹೆಸರುಗಳು ಇನ್ನೂ ಆ ನಾಲ್ಕೇ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂದು ಹಾಡಿ ಹೊಗಳಿಸಿಕೊಂಡ ಎರೆನೆಲವಿದು. ಆದರೆ ಹಿಂಗಾರಿ ಜೋಳ ಕಿತ್ತು ಮುಗಿದ ಮೇಲೆ ಈ ಬಯಲಿನಲ್ಲಿ ನಿಂತು ನೋಡಬೇಕು! ಕಣ್ಣು ಹರಿಯುವವರೆಗೂ ಬಿರುಕುಬಿಟ್ಟ ಕರಿಯ ನೆಲ, ಮೇಲೆ ಬಿಳಿಯ ಬಿಸಿಲು. ಬೇಸಗೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಗಿಡದ ನೆರಳು ಅಪರೂಪವಾದ ಇಂಥ ನಾಡಿನಲ್ಲಿ ಮನುಷ್ಯನು ತನ್ನ ನೆರಳನ್ನು ತಲೆಯ ಮೇಲೆಯೇ ಹೊತ್ತು ತಿರುಗುವುದನ್ನು ಕಲಿತದ್ದರಲ್ಲಿ ಆಶ್ಚರ್ಯವೇನು?

ಆ ನೆರಳೇ ರುಮಾಲು. ಮೊಳಗಟ್ಟಲೆ ಅರಿವೆಯನ್ನು ಸುತ್ತಿ ಬಿಗಿದ ರುಮಾಲು ಈ ಸೀಮೆಯ ಗೌಡರಿಗೂ ಒಕ್ಕಲಿಗರಿಗೂ ಛತ್ರಿಯಾಗಿತ್ತು, ದಿಂಬಾಗಿತ್ತು, ಸಂತೆಯಲ್ಲಿ ಗಂಟು ಕಟ್ಟುವ ವಸ್ತ್ರವೂ ಆಗಿತ್ತು. ಸ್ವಾತಂತ್ರ್ಯದ ಹೋರಾಟದ ಕಾಲಕ್ಕೆ ಬಿಳಿಯ ಗಾಂಧಿ ಟೊಪ್ಪಿಗೆ ಬಂದಿತು. ಇಂದಿಗೂ ಇಂಡಿಯ ಸಂತೆಯಲ್ಲಿ ಹಿರಿಯರ ತಲೆಗಳು ಟೊಪ್ಪಿಗೆಯಿಂದ ಬೆಳ್ಳಗೆ ಹೊಳೆಯುತ್ತವೆ. ರುಮಾಲೂ ಟೊಪ್ಪಿಗೆಯೂ ಮಾಡಿದ ಇನ್ನೊಂದು ಉಪಕಾರವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಅವುಗಳ ಕೆಳಗೆ ಕೂದಲಿತ್ತೋ ಇಲ್ಲವೋ ಎಂಬುದು ಮನೆಯವರಿಗೂ ಹಡಪದವನಿಗೂ ಹೊರತು ಮೂರನೆಯವರಿಗೆ ತಿಳಿಯುತ್ತಿರಲಿಲ್ಲ. ಬಕ್ಕತಲೆಯು ಆಗ ಒಂದು ದುಃಖವಾಗಿರಲಿಲ್ಲ. ಅದೊಂದು ಗುಟ್ಟಾಗಿತ್ತು, ಅಷ್ಟೆ.

ಕೂದಲನ್ನು ಬಿಟ್ಟುಕೊಡುವುದಂತೂ ಇಲ್ಲಿಯವರಿಗೆ ಹೊಸದಲ್ಲ. ಕೂಸಿನ ಮೊದಲ ಕೂದಲನ್ನು ಜವಳ ತೆಗೆಯಿಸುವಾಗ ಮನೆದೇವರ ಗುಡಿಯ ಮುಂದೆ ಸೋದರಮಾವನ ತೊಡೆಯ ಮೇಲೆ ಕೂಸು ಕಿರಿಚಾಡಿದರೆ ಬಳಗವೆಲ್ಲ ನಗುತ್ತದೆ. ಬಾಚಣಿಕೆಗೆ ಸಿಕ್ಕ ಕೂದಲನ್ನು ಹೆಂಗಸರು ಉಂಡೆ ಕಟ್ಟಿ ಗೋಡೆಯ ಸಂದಿನಲ್ಲಿಟ್ಟು, ಓಣಿಗೆ ಬರುವ ವ್ಯಾಪಾರಿಗೆ ಕೊಟ್ಟು ಪಿನ್ನು, ಪಾತ್ರೆಗಳನ್ನು ಪಡೆಯುವರು. ಹಾಗೆ ಸೇರಿದ ಕೂದಲನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಜೋಡಿಸಿ ದೇಶಾಂತರಕ್ಕೆ ಕಳಿಸುವ ಉದ್ಯಮವೇ ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಬೆಳೆದಿದೆ. ಒಬ್ಬರ ತಲೆಯಿಂದ ಉದುರಿದ್ದು ಇನ್ನೊಬ್ಬರ ತಲೆಗೆ ಟೋಪನ್ನಾಗಿ ಏರುವ ವಿಚಿತ್ರವನ್ನು ನೋಡಬೇಕೆಂದವರು ಬಹು ದೂರ ಹೋಗಬೇಕಾದ್ದಿಲ್ಲ.

ಬಾಗೇವಾಡಿ ಸೀಮೆಗೆ ಕೂದಲಿನೊಡನೆ ಮತ್ತೂ ಹಿರಿದಾದ ಒಂದು ನಂಟಿದೆ. ಬಸವಣ್ಣನವರ ಹುಟ್ಟಿನಿಂದ ಈ ಊರು ಪಾವನವಾದುದನ್ನು ಎಲ್ಲರೂ ಬಲ್ಲರು. ಅವರ ನೆರಳಿನಂತಿದ್ದ ಶರಣ ಹಡಪದ ಅಪ್ಪಣ್ಣನು ಹುಟ್ಟಿದ್ದು ಇದೇ ಸೀಮೆಯ ಮಸಿಬಿನಾಳದಲ್ಲಿ ಎಂದು ಜನ ನಂಬುತ್ತಾರೆ. ಹಡಪವೆಂದರೆ ಎಲೆಯಡಿಕೆಯ ಸಂಚಿಯೂ ಹೌದು, ಕ್ಷೌರದ ಸಾಮಾನಿನ ಚೀಲವೂ ಹೌದು. ಕ್ಷೌರವೃತ್ತಿಯ ಹಡಪದ ಸಮಾಜವು ಅಪ್ಪಣ್ಣನನ್ನು ತನ್ನ ಮೂಲಪುರುಷನೆಂದು ಗೌರವಿಸುತ್ತದೆ. ತಲೆ ತೆಳ್ಳಗಾಗತೊಡಗಿದ್ದನ್ನು ಮೊದಲು ಕಾಣುವವನು ಇಂದಿಗೂ ಹಡಪದವನೇ. ಕನ್ನಡಿಯು ಮುಂದಲೆಯನ್ನಷ್ಟೇ ತೋರಿಸುತ್ತದೆ. ನೆತ್ತಿಯ ಸಂಗತಿಯನ್ನು ಅವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಹುಮಟ್ಟಿಗೆ ಅವನು ಹೇಳುವುದಿಲ್ಲ. ಕತ್ತರಿಯನ್ನು ಒಂದು ಕ್ಷಣ ತಡೆದು, ಮತ್ತೆ ಆಡಿಸುತ್ತಾನೆ. ಆ ತಡೆಯಲ್ಲಿಯೇ ಕುಳಿತವನಿಗೆ ಎಲ್ಲವೂ ಅರ್ಥವಾಗಿಬಿಡುತ್ತದೆ.

ರುಮಾಲು ಇಳಿಯಿತು, ಟೊಪ್ಪಿಗೆಯೂ ಮುದುಕರ ಪಾಲಾಯಿತು. ಅಂಗೈಯೊಳಗಿನ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಮುಖ ನೋಡಿಕೊಳ್ಳುವ ಕಾಲ ಬಂದಿತು. ಕನ್ಯೆ ನೋಡುವ ಶಾಸ್ತ್ರಕ್ಕಿಂತ ಮುಂಚೆಯೇ ವರನ ಭಾವಚಿತ್ರವು ಬೀಗರ ಮನೆಯನ್ನು ಸೇರಿ, ಅಡುಗೆಮನೆಯಲ್ಲಿ ವಿಮರ್ಶೆಗೆ ಒಳಗಾಗುತ್ತದೆ. ಹೊಲ, ನೌಕರಿ, ಮನೆತನ ಎಲ್ಲವೂ ಸರಿಯಾಗಿದ್ದು ನೆತ್ತಿಯೊಂದು ಸರಿಯಿಲ್ಲದೆ ಸಂಬಂಧ ತಪ್ಪಿದ ವೃತ್ತಾಂತಗಳನ್ನು ಯಾವ ಓಣಿಯಲ್ಲಿಯೂ ಕೇಳಬಹುದು. ಗೆಳೆಯರ ಬಾಯಿಯಂತೂ ಕೇಳಬೇಕಾದ್ದೇ ಇಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿಯ ಮೇಲೆ ಜಗತ್ತು ಬೆರಗಾಗುವ ಗುಮ್ಮಟವು ನಿಂತಿರುವ ಜಿಲ್ಲೆಯಲ್ಲಿ, ಬೋಳುತಲೆಯವನಿಗೆ ಅಡ್ಡಹೆಸರು ಹುಡುಕುವ ಶ್ರಮವೇ ಇಲ್ಲವಲ್ಲ! ನಗುವವರು ನಕ್ಕು ಮರೆಯುತ್ತಾರೆ. ಇಪ್ಪತ್ತಾರು ವರ್ಷದ ತರುಣನು ಮಾತ್ರ ಮದುವೆಯ ಮನೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಎದ್ದು ಹಿಂದಿನ ಸಾಲಿಗೆ ಹೋಗುತ್ತಾನೆ.

ಮೊದಲು ಅಪವಾದ ಹೊರುವುದು ನೀರು. ಕೊಳವೆಬಾವಿಯ ಸವಳುನೀರಿನಿಂದಲೇ ಕೂದಲು ಹೋಯಿತೆಂದು ಮುದ್ದೇಬಿಹಾಳದಲ್ಲಿಯೂ ಹೇಳುವರು, ಸಿಂದಗಿಯಲ್ಲಿಯೂ ಹೇಳುವರು. ಗಡಸು ನೀರಿನಿಂದ ಕೂದಲು ಒರಟಾಗುವುದು, ಒಣಗಿ ತುಂಡಾಗುವುದು ನಿಜ. ಆದರೆ ಹಣೆಯ ಎರಡು ಮೂಲೆಗಳಿಂದ ಹಿಂದೆ ಸರಿಯುತ್ತ, ನೆತ್ತಿಯಲ್ಲಿ ವೃತ್ತಾಕಾರವಾಗಿ ಬಯಲಾಗಿ, ಕೊನೆಗೆ ಕಿವಿಯಿಂದ ಕಿವಿಯವರೆಗೆ ಹಿಂದೊಂದು ಪಟ್ಟಿಯನ್ನು ಮಾತ್ರ ಉಳಿಸುವ ಬಕ್ಕತನಕ್ಕೆ ನೀರು ಕಾರಣವಲ್ಲ. ಅಮೆರಿಕದ ಶರೀರಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ನನು 1942ರಲ್ಲಿ ಇದರ ಮೂಲವನ್ನು ತೋರಿಸಿದನು: ಪುರುಷರ ದೇಹದ ಸಹಜವಾದ ರಸವೂ ವಂಶದಿಂದ ಬಂದ ಗುಣವೂ ವಯಸ್ಸೂ ಕೂಡಿದಾಗ ಮುಂದಲೆಯ, ನೆತ್ತಿಯ ಬೇರುಗಳು ಸಣ್ಣವಾಗುತ್ತ ಹೋಗುತ್ತವೆ. ವಂಶವೆಂದರೆ ತಂದೆಯ ಕಡೆಯದೂ ಹೌದು, ತಾಯಿಯ ಕಡೆಯದೂ ಹೌದು. ತೋಟದ ಬಾವಿಯನ್ನು ಬೈಯುವುದರ ಬದಲು ಅಜ್ಜಂದಿರ ರುಮಾಲುಗಳನ್ನು ಬಿಚ್ಚಿ ನೋಡಿದ್ದರೆ ಉತ್ತರ ಸಿಕ್ಕುತ್ತಿತ್ತು.

ಈಗ ಇದಕ್ಕೊಂದು ಶಸ್ತ್ರಚಿಕಿತ್ಸೆಯಿದೆಯೆಂಬ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿದೆ. ಕೂದಲಿನ ಕಸಿ ಎಂದು ಅದರ ಹೆಸರು. ಹೆಸರನ್ನು ಕೇಳಿ, ಹೊಸ ಕೂದಲನ್ನು ಹುಟ್ಟಿಸುವ ವಿದ್ಯೆಯಿರಬೇಕೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಈ ಸೀಮೆಯ ಒಕ್ಕಲಿಗನು ಉಳ್ಳಾಗಡ್ಡಿಯ, ಮೆಣಸಿನಕಾಯಿಯ ಅಗಿಯನ್ನು ಮಡಿಯಿಂದ ಕಿತ್ತು ಹೊಲದಲ್ಲಿ ಹಚ್ಚುತ್ತಾನಲ್ಲ, ಇದು ಅಂಥದೇ ಕೆಲಸ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಲ್ಲಿಯ ತೋಟಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಸಸಿಯನ್ನು ಎಲ್ಲಿ ನೆಟ್ಟರೂ ಅದು ತನ್ನ ಜಾತಿಯ ಹಣ್ಣನ್ನೇ ಕೊಡುವುದು. ಹಿಂದಲೆಯ ಕೂದಲು ಉದುರದ ಜಾತಿಯದು. ಅದನ್ನು ತಂದು ಮುಂದೆ ನೆಟ್ಟರೆ ಅಲ್ಲಿಯೂ ಉದುರದೆ ನಿಲ್ಲುವುದು. ವಿದ್ಯೆಯ ಸಾರವೆಲ್ಲ ಇಷ್ಟೇ. ವ್ಯತ್ಯಾಸವೊಂದೇ: ಹೊಲದ ಮಡಿಯಲ್ಲಿ ಮತ್ತೆ ಬೀಜ ಬಿತ್ತಬಹುದು, ಹಿಂದಲೆಯ ಮಡಿಯಲ್ಲಿ ಕಿತ್ತದ್ದು ಮತ್ತೆ ಹುಟ್ಟುವುದಿಲ್ಲ.

ಜಪಾನಿನ ವೈದ್ಯ ಶೋಜಿ ಒಕುದಾನು 1939ರಲ್ಲಿಯೇ, ಸುಟ್ಟ ಗಾಯಗಳಿಂದ ಕೂದಲು ಕಳೆದುಕೊಂಡವರಿಗೆ ಸಣ್ಣ ಸುತ್ತುಗತ್ತಿಯಿಂದ ಕೂದಲಿನ ಕಸಿ ಮಾಡಿ ಬರೆದಿಟ್ಟಿದ್ದನು. ಮಹಾಯುದ್ಧದ ಗದ್ದಲದಲ್ಲಿ ಅದು ಹೊರಗಿನವರಿಗೆ ತಿಳಿಯಲೇ ಇಲ್ಲ. 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕನು ಬಕ್ಕತಲೆಗೆ ಇದನ್ನು ಪ್ರಯೋಗಿಸಿ, 1959ರಲ್ಲಿ ಪ್ರಕಟಿಸಿದನು. ಆಗಿನ ಕಸಿಯು ಗೊಂಬೆಯ ತಲೆಯಂತೆ ಕುಚ್ಚುಕುಚ್ಚಾಗಿ ಕಾಣುತ್ತಿತ್ತು. ಕೂದಲು ಸ್ವಭಾವತಃ ಒಂದು, ಎರಡು, ಮೂರು, ನಾಲ್ಕರ ಪುಟ್ಟ ಗುಂಪುಗಳಲ್ಲಿ ಬೆಳೆಯುತ್ತದೆಂಬುದನ್ನು ಹಿಡಿದು, ಆ ಗುಂಪುಗಳನ್ನೇ ಒಂದೊಂದಾಗಿ ನೆಡುವ ಪದ್ಧತಿ 1990ರ ದಶಕದಲ್ಲಿ ನೆಲೆಗೊಂಡಿತು. ಹಿಂದಲೆಯಿಂದ ಚರ್ಮದ ಪಟ್ಟಿಯನ್ನು ಕೊಯ್ದು ತೆಗೆದು ಹೊಲಿಯುವ ಬದಲು, ಸುಮಾರು ಒಂದು ಮಿಲಿಮೀಟರು ಅಗಲದ ಕೊಳವೆಗತ್ತಿಯಿಂದ ಗುಂಪುಗಳನ್ನು ಬಿಡಿಬಿಡಿಯಾಗಿ ಎತ್ತುವ ಕ್ರಮವು 2002ರ ಸುಮಾರಿಗೆ ಪ್ರಚಾರಕ್ಕೆ ಬಂದಿತು. ಈಗ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದೇ.

ಯಾತ್ರೆಗೆ ಹೊರಡುವವರಿಗೆ ದಾರಿ ಸುಲಭವಲ್ಲ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಇಂಡಿಗೂ ಬಾಗೇವಾಡಿಗೂ ಇದೆಯೆಂದರೆ ಇದೆ. ಆದರೆ ನಿಲ್ದಾಣದ ಹಲಗೆಯ ಮೇಲೆ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂದಿರುತ್ತದೆ. ನಿಲ್ದಾಣದ ಹೆಸರಿನ ಕೊನೆಗೆ ರೋಡ್ ಎಂದಿದ್ದರೆ ಊರು ಇನ್ನೂ ದೂರವಿದೆಯೆಂದು ಅನುಭವಸ್ಥರು ಅರ್ಥಮಾಡಿಕೊಳ್ಳುವರು. ಇಂಡಿಯವರಿಗೆ ಭೀಮೆಯನ್ನು ದಾಟಿದರೆ ಸೊಲ್ಲಾಪುರ ಹತ್ತಿರ. ಉಳಿದವರು ಬಸ್ಸಿನಲ್ಲಿ ವಿಜಯಪುರಕ್ಕೋ ಹುಬ್ಬಳ್ಳಿಗೋ ಹೋಗುವರು. ಹೆಚ್ಚಿನವರ ಮನಸ್ಸು ಬೆಂಗಳೂರಿನ ಮೇಲೆ. ಅದಕ್ಕೆ ವೈದ್ಯರ ಹೆಸರೊಂದೇ ಕಾರಣವಲ್ಲ. ಅಲ್ಲಿ ಗುರುತಿನವರು ಎದುರಾಗುವ ಭಯವಿಲ್ಲ.

"ತಲೀಗೆ ಕತ್ತರಿ ಹಾಕಸಾಕ ಬೆಂಗಳೂರತನಕಾ ಯಾಕ ಹೋಗಬೇಕಪಾ? ಇದ್ದದ್ದು ಇದ್ದಂಗ ಇರಲಿ ಬಿಡು," ಎಂದು ಅವ್ವ ಹೇಳದ ಮನೆಯಿಲ್ಲ. "ಇಲ್ಲಬೇ ಯವ್ವಾ, ನಿನಗ ತಿಳಿಯೂದಿಲ್ಲ," ಎಂದು ಮಗ ಚೀಲ ಹೆಗಲಿಗೇರಿಸುತ್ತಾನೆ. ಅಪ್ಪ ಮಾತಾಡುವುದಿಲ್ಲ, ಅವನ ತಲೆಯ ಮೇಲೆ ಟೊಪ್ಪಿಗೆಯಿದೆ.

ರೈಲು ಆಲಮಟ್ಟಿಯನ್ನು ದಾಟಿ ಕೃಷ್ಣೆಯ ಸೇತುವೆಯ ಮೇಲೆ ಸಾಗುವಾಗ ಕಿಟಕಿಯ ಹೊರಗೆ ಕಡಲಿನಂತೆ ನೀರು ಕಾಣಿಸುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟೆಯದು. ಜಲಾಶಯಕ್ಕೆ ಅವರದೇ ಹೆಸರು. ಬಾಗೇವಾಡಿ, ಮುದ್ದೇಬಿಹಾಳದ ಹೊಳೆದಂಡೆಯ ಎಷ್ಟೋ ಊರುಗಳು ಈ ಹಿನ್ನೀರಿಗಾಗಿ ಗುಡಿ, ಕಟ್ಟೆ, ಬೇವಿನ ಗಿಡಗಳನ್ನು ಬಿಟ್ಟು ಎತ್ತರದ ನೆಲದಲ್ಲಿ ಹೊಸದಾಗಿ ನೆಲೆಯೂರಿದವು. ಬೇರುಸಹಿತ ಎತ್ತಿ ಬೇರೆ ಕಡೆ ಇಟ್ಟದ್ದು ಹಿಡಿಯುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಈ ದಂಡೆಯವರು ಚೆನ್ನಾಗಿ ಬಲ್ಲರು.

ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ಬರಗಾಲವಿಲ್ಲ. ಒಂದು ಗುಂಪಿಗೆ ಇಷ್ಟು ರೂಪಾಯಿಯೆಂದು ದರ ಹೇಳುವರು, ಹಬ್ಬದ ರಿಯಾಯಿತಿಯನ್ನೂ ಸಾರುವರು. ಯಾತ್ರಿಕನು ಇಲ್ಲಿ ಎಚ್ಚರವಾಗಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಈ ಬಗ್ಗೆ ಸ್ಪಷ್ಟವಾದ ಸೂಚನೆಗಳನ್ನು ಹೊರಡಿಸಿದೆ. ಪ್ಲಾಸ್ಟಿಕ್ ಸರ್ಜರಿಯಲ್ಲಾಗಲಿ ಚರ್ಮರೋಗ ಶಾಸ್ತ್ರದಲ್ಲಾಗಲಿ ಕ್ರಮವಾಗಿ ಶಿಕ್ಷಣ ಪಡೆದ ವೈದ್ಯರು ಇದನ್ನು ಮಾಡತಕ್ಕದ್ದು. ಯೂಟ್ಯೂಬ್ ನೋಡಿಯೋ ನಾಲ್ಕು ದಿನದ ಕಾರ್ಯಾಗಾರದಲ್ಲಿ ನಿಂತೋ ಕಲಿತರೆ ಸಾಲದು ಎಂಬುದು ಅದರ ತಾತ್ಪರ್ಯ. ಭಾರತದ ಚರ್ಮರೋಗ ತಜ್ಞರ ಸಂಘವು 2008ರಲ್ಲಿಯೇ ಕೂದಲಿನ ಕಸಿಗೆ ಮಾರ್ಗಸೂಚಿಯನ್ನು ಪ್ರಕಟಿಸಿತ್ತು. ಅದನ್ನು ಬರೆದವರಲ್ಲಿ ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಅವರೂ ಒಬ್ಬರು. ಬಾಗಿಲ ಹಲಗೆಯ ಮೇಲಿನ ಹೆಸರು ಯಾರದೆಂದು ಕೇಳಿದರೆ ಸಾಲದು. ಕತ್ತಿ ಹಿಡಿಯುವವರು ಯಾರು, ಮರಗಟ್ಟಿಸುವ ಔಷಧ ಅತಿಯಾದರೆ ಅಥವಾ ಒಗ್ಗದಿದ್ದರೆ ಜೀವ ಉಳಿಸುವ ಏರ್ಪಾಡು ಅಲ್ಲಿಯೇ ಉಂಟೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಜೋಳದ ಬೀಜವನ್ನು ಕೊಳ್ಳುವಾಗ ಹತ್ತು ಅಂಗಡಿ ಸುತ್ತುವ ಮನುಷ್ಯ ತನ್ನ ತಲೆಯನ್ನು ಮಾತ್ರ ಮೊದಲ ಅಂಗಡಿಗೇ ಒಪ್ಪಿಸುವುದು ಸರಿಯೆ?

ಒಳ್ಳೆಯ ವೈದ್ಯರು ಮೊದಲ ದಿನವೇ ಕತ್ತಿ ಎತ್ತುವುದಿಲ್ಲ. ಮಧುಮೇಹ, ರಕ್ತದೊತ್ತಡ, ಹೃದಯದ ಕಾಯಿಲೆಗಳನ್ನು ವಿಚಾರಿಸುವರು. ರಕ್ತವನ್ನು ಪರೀಕ್ಷೆಗೆ ಕಳಿಸುವರು. ಸೇವಿಸುವ ಮಾತ್ರೆಗಳೆಲ್ಲದರ ಪಟ್ಟಿ ಬರೆದುಕೊಳ್ಳುವರು. ಬೀಡಿ ಸಿಗರೇಟು ಬಿಡಿಸುವರು. ಹಿಂದಲೆಯನ್ನು ದೊಡ್ಡದಾಗಿ ತೋರುವ ಯಂತ್ರದಿಂದ ನೋಡಿ, ಅಲ್ಲಿಯ ಸಂಪತ್ತು ಎಷ್ಟೆಂದು ಅಂದಾಜು ಮಾಡುವರು. ತುಂಬಿದ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಹಿಂದಿನಿಂದ ಇಡೀ ಜನ್ಮದಲ್ಲಿ ತೆಗೆಯಬಹುದಾದ ಗುಂಪುಗಳು ಕೆಲವೇ ಸಾವಿರ. ಇಪ್ಪತ್ತೆರಡು ವರ್ಷದವನು ಬಂದು ಹುಬ್ಬಿನ ಮೇಲೆ ನಾಲ್ಕು ಬೆರಳಿನಷ್ಟು ಹಣೆ ಸಾಕೆಂದು ಹಟ ಹಿಡಿದರೆ, ಅವರು ಕಾಯಲು ಹೇಳಿ ಕಳಿಸುವುದೂ ಉಂಟು. ಅವನ ಬಕ್ಕತನವು ಇನ್ನೂ ಎಲ್ಲಿಯವರೆಗೆ ಹೋಗುವುದೋ ಯಾರಿಗೆ ಗೊತ್ತು? ಈಗಲೇ ಮುಂದೆ ಎಲ್ಲವನ್ನೂ ನೆಟ್ಟರೆ, ನಲವತ್ತರಲ್ಲಿ ನಡುವೆ ಬಯಲಾಗಿ, ಮುಂದೊಂದು ಬೇಲಿ ಮಾತ್ರ ಉಳಿದೀತು.

ಗೊತ್ತಾದ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಬಂದವನ ಹಣೆಯ ಮೇಲೆ ವೈದ್ಯರು ಪೆನ್ನಿನಿಂದ ಗೆರೆಯೆಳೆಯುವರು. ಕನ್ನಡಿಯಲ್ಲಿ ಆ ಗೆರೆಯನ್ನು ನೋಡಿದ ಯಾತ್ರಿಕನ ಮುಖದಲ್ಲಿ ಮೊದಲ ಸಲ ನಗು ಮೂಡುವುದು ಆಗಲೇ. ಬಳಿಕ ತಲೆಯನ್ನು ಬೋಳಿಸುವರು. ಜವಳದ ನಂತರ ಪೂರ್ತಿ ಬೋಳಾದ ತಲೆಯನ್ನು ಅವನು ಕಂಡಿರಲಿಕ್ಕಿಲ್ಲ! ಬೋರಲು ಮಲಗಿಸಿ ಹಿಂದಲೆಗೆ ಲಿಗ್ನೊಕೇನ್ ಸೂಜಿಗಳನ್ನು ಚುಚ್ಚುವರು. ಇಡೀ ದಿನದಲ್ಲಿ ನಿಜವಾದ ನೋವೆಂದರೆ ಅದೊಂದೇ. ಕೆಲವು ನಿಮಿಷಗಳ ಉರಿ, ಆಮೇಲೆ ತಲೆ ತನ್ನದಲ್ಲವೆಂಬಂತೆ ಮರಗಟ್ಟುವುದು. ಎಚ್ಚರ ತಪ್ಪುವುದಿಲ್ಲ. ಕೊಳವೆಗತ್ತಿಯ ಸಣ್ಣ ಕಿರಕಿರ ಕೇಳಿಸುತ್ತಿರುತ್ತದೆ, ದಾದಿಯರು ಎಣಿಸುವುದು ಕೇಳಿಸುತ್ತದೆ. ನೂರು, ಇನ್ನೂರು, ಸಾವಿರ. ಕಿತ್ತ ಗುಂಪುಗಳನ್ನು ತಣ್ಣನೆಯ ದ್ರಾವಣದಲ್ಲಿ ಸಾಲಾಗಿ ಇಡುವರು. ಅಗಿ ಒಣಗಿದರೆ ಹೊಲದಲ್ಲಿ ಹತ್ತುವುದಿಲ್ಲ, ಇಲ್ಲಿಯೂ ಅದೇ ನಿಯಮ.

ಮಧ್ಯಾಹ್ನ ಊಟಕ್ಕೆ ಬಿಡುವು. ಮರಳಿ ಅಂಗಾತ ಮಲಗಿಸಿ ಮುಂದಲೆಯನ್ನು ಮರಗಟ್ಟಿಸಿ, ಸೂಕ್ಷ್ಮವಾದ ಸೀಳುಗಳನ್ನು ಮಾಡುವರು. ವೈದ್ಯರ ಕೈಚಳಕವೆಲ್ಲ ಇರುವುದು ಈ ಸೀಳುಗಳ ಓರೆಯಲ್ಲಿ. ಮುಂದಿನ ಸಾಲಿಗೆ ಒಂಟಿ ಕೂದಲುಗಳು, ಹಿಂದೆ ಜೋಡಿಗಳು, ಇನ್ನೂ ಹಿಂದೆ ಮೂರರ ಗುಂಪುಗಳು. ಸಾಲು ನೆಟ್ಟಗಿದ್ದರೆ ಗುಟ್ಟು ಹೊರಬೀಳುತ್ತದೆ. ಕೂರಿಗೆಯ ಸಾಲು ಹೊಲಕ್ಕೆ ಚಂದ, ಹಣೆಗಲ್ಲ. ಎರಡು ಸಾವಿರ ಗುಂಪುಗಳನ್ನು ನೆಡುವಷ್ಟರಲ್ಲಿ ಆರರಿಂದ ಎಂಟು ಗಂಟೆಗಳು ಕಳೆದಿರುತ್ತವೆ. ಸಂಜೆ ಅವನು ನಡೆದುಕೊಂಡೇ ಹೊರಬರುತ್ತಾನೆ.

ಕಷ್ಟದ ಭಾಗ ಶುರುವಾಗುವುದು ಆಮೇಲೆ. ಕೆಲವು ರಾತ್ರಿಗಳು ತಲೆಯನ್ನು ಎತ್ತರಿಸಿಯೇ ಮಲಗಬೇಕು. ನೆಟ್ಟ ಜಾಗಕ್ಕೆ ಏನೂ ತಾಕಬಾರದು. ಎರಡನೆಯ ಮೂರನೆಯ ದಿನ ಹಣೆಯ ಬಾವು ಕಣ್ಣುಗಳ ಮೇಲಿಳಿದು, ಮುಖವೇ ಗುರುತು ಸಿಗದಂತಾಗುವುದೂ ಉಂಟು. ಅದು ತಾನಾಗಿಯೇ ಇಳಿಯುತ್ತದೆ. ಜ್ವರ, ಕೀವು, ಹೆಚ್ಚುತ್ತಲೇ ಹೋಗುವ ನೋವು ಕಂಡರೆ ಮಾತ್ರ ಒಂದು ಗಂಟೆಯೂ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಹೊಪ್ಪಳೆಗಳು ಉದುರುವುದಕ್ಕೆ ಏಳರಿಂದ ಹತ್ತು ದಿನ. ಬೆಂಗಳೂರಿನಲ್ಲಿ ಕೋಣೆಯೊಳಗೆ ಕುಳಿತವನಿಗೆ ಇದು ದೊಡ್ಡದಲ್ಲ. ಸಿಂದಗಿಯ ತೊಗರಿಯ ಹೊಲಕ್ಕೋ ಇಂಡಿಯ ನಿಂಬೆಯ ತೋಟಕ್ಕೋ ಮರಳಬೇಕಾದವನ ಪಾಡೇ ಬೇರೆ. ಎರೆಯ ಧೂಳು ಆಗದು, ಬೆವರು ಆಗದು, ಬಿಸಿಲು ಕೂಡದು. ಬಿಸಿಲನ್ನು ತಡೆಯಬೇಕಾದ ರುಮಾಲನ್ನು ಬಿಗಿಯುವಂತೆಯೂ ಇಲ್ಲ! ತಾತನ ತಲೆಯನ್ನು ಜನ್ಮವಿಡೀ ಕಾಯ್ದ ವಸ್ತ್ರವು ಮೊಮ್ಮಗನ ತಲೆಗೆ ಆ ಹತ್ತು ದಿನ ವೈರಿ. ಆದ್ದರಿಂದ ತಿಳಿದವರು ಬೇಸಗೆಯನ್ನೂ ರಾಶಿಯ ದಿನಗಳನ್ನೂ ಬಿಟ್ಟು, ತಂಪಿನ ಕಾಲವನ್ನು ನೋಡಿ ಹೊರಡುವರು.

ಇನ್ನೊಂದು ಸಂಗತಿಯನ್ನು ಯಾರೂ ಮೊದಲೇ ಹೇಳದಿದ್ದರೆ ಯಾತ್ರಿಕನ ಎದೆ ಒಡೆದುಹೋದೀತು. ನೆಟ್ಟ ಕೂದಲುಗಳು ಎರಡು ವಾರಗಳಿಂದ ಆರು ವಾರಗಳೊಳಗೆ ಬಹುಪಾಲು ಉದುರಿಬಿಡುತ್ತವೆ. ದುಡ್ಡೂ ಹೋಯಿತು, ಕೂದಲೂ ಹೋಯಿತೆಂದು ಅವನು ಕಂಗೆಡುವುದು ಸಹಜ. ಆದರೆ ಬೇರುಗಳು ಚರ್ಮದೊಳಗೆ ಇದ್ದೇ ಇರುತ್ತವೆ. ಮೂರು ನಾಲ್ಕು ತಿಂಗಳಿಗೆ ನೂಲಿನಷ್ಟು ತೆಳ್ಳಗಿನ ಚಿಗುರು ಕಾಣಿಸಿಕೊಂಡು, ಒಂಬತ್ತರಿಂದ ಹನ್ನೆರಡು ತಿಂಗಳಲ್ಲಿ ಫಲ ಪೂರ್ತಿಯಾಗುತ್ತದೆ. ವೈಶಾಖದಲ್ಲಿ ಲಗ್ನ ನಿಶ್ಚಯವಾದವನು ಫಾಲ್ಗುಣದಲ್ಲಿ ಬೆಂಗಳೂರಿಗೆ ಓಡಿದರೆ, ಬಾಸಿಂಗ ಕಟ್ಟುವ ದಿನ ಅವನ ತಲೆಯು ಮೊದಲಿಗಿಂತಲೂ ಬರಿದಾಗಿ ಕಾಣುವುದು. ಬೀಗರು ಬರುವ ವರ್ಷಕ್ಕೆ ಒಂದು ವರ್ಷ ಮುಂಚೆಯೇ ಹೊರಡಬೇಕು.

ನೆಟ್ಟದ್ದು ನಿಂತರೂ ನೆಡದೆ ಉಳಿದ ಹಳೆಯ ಕೂದಲು ತನ್ನ ಹಾದಿ ಹಿಡಿದು ಉದುರುತ್ತಲೇ ಇರುವುದು. ಅದನ್ನು ತಡೆಹಿಡಿಯುವ ಔಷಧಗಳಿವೆ. ತಲೆಗೆ ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟರೈಡ್. ವರ್ಷಗಟ್ಟಲೆ ಬಿಡದೆ ಬಳಸಬೇಕು, ಅದೂ ವೈದ್ಯರನ್ನು ಕೇಳಿ, ಅವುಗಳ ಅಡ್ಡಪರಿಣಾಮಗಳನ್ನು ತಿಳಿದುಕೊಂಡು. ಕಸಿಯ ಖರ್ಚನ್ನು ವಿಮೆಯವರು ಸಾಮಾನ್ಯವಾಗಿ ಕೊಡುವುದಿಲ್ಲ. ಸಾಲ ತಂದು ಮಾಡಿಸಿಕೊಂಡವನು ಈ ಔಷಧಗಳ ತಿಂಗಳ ಲೆಕ್ಕವನ್ನೂ ಅದರ ಜೊತೆಗೆ ಬರೆದಿಡಬೇಕಾಗುತ್ತದೆ.

ಊರಿಗೆ ಬಂದು ತಿಂಗಳುಗಳು ಕಳೆದ ಮೇಲೆ ಯಾತ್ರಿಕನು ಮತ್ತೆ ಹಡಪದವನ ಕುರ್ಚಿಯಲ್ಲಿ ಕೂರುತ್ತಾನೆ. ಹಿಂದಲೆಯನ್ನು ತೀರ ಸಣ್ಣಗೆ ಮಾಡಬೇಡವೆಂದು ಮೆಲ್ಲಗೆ ಹೇಳುತ್ತಾನೆ. ಕೊಳವೆಗತ್ತಿ ಬಿಟ್ಟ ಬಿಳಿಯ ಚುಕ್ಕೆಗಳು ಅಲ್ಲಿವೆ. ಕೂದಲು ಸ್ವಲ್ಪ ಉದ್ದವಿದ್ದರೆ ಕಾಣುವುದಿಲ್ಲ. ಹಡಪದವನು ಬಾಚಣಿಕೆಯಿಂದ ಕೂದಲನ್ನು ಎತ್ತಿ ಆ ಚುಕ್ಕೆಗಳನ್ನು ನೋಡುತ್ತಾನೆ, ಕತ್ತರಿಯನ್ನು ಒಂದು ಕ್ಷಣ ತಡೆಯುತ್ತಾನೆ, ಮತ್ತೆ ಆಡಿಸುತ್ತಾನೆ. ಸಂಜೆಯೊಳಗೆ ಅದು ಓಣಿಗೆಲ್ಲ ತಿಳಿಯುವುದೋ ಇಲ್ಲವೋ ಎಂಬುದು ಅವನ ದೊಡ್ಡತನಕ್ಕೆ ಬಿಟ್ಟದ್ದು.